ಪಟಿಕದ ನೀರು, ಬಿಳಿಯ ಮಾತ್ರೆ

ಕೆಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರದಿಂದ ಮಾಡಿಸಬಹುದೆಂದು ಹಾಲೆಂಡಿನ ಡಾ. ಕಾಲ್ಫ್ ತೋರಿಸಹೊರಟದ್ದು 1943ರಲ್ಲಿ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಸ್ಕ್ರಿಬ್ನರ್ ಅವರು ರೋಗಿಯ ತೋಳಿನಲ್ಲಿ ಟೆಫ್ಲಾನ್ ನಳಿಗೆ ಇರಿಸಿ, ಮತ್ತೆ ಮತ್ತೆ ರಕ್ತ ಶುದ್ಧಿ ಮಾಡುವ ದಾರಿ ತೆರೆದರು. ಸಾವು ಖಂಡಿತವೆಂದಿದ್ದವರು ವರ್ಷಗಟ್ಟಲೆ ಬದುಕತೊಡಗಿದರು. ಆ ಬದುಕಿನ ಬೆನ್ನಿಗೇ ಹೊಸ ವ್ಯಾಧಿಯೊಂದು ಬಂತು. ನಮ್ಮ ಮನೆಗಳಲ್ಲಿ ಡಯಾಲಿಸಿಸ್ ಈಗ ಅಪರಿಚಿತ ಶಬ್ದವಲ್ಲವಾದ್ದರಿಂದ ಅದರ ಕಥೆಯನ್ನು ನಾವಿಲ್ಲಿ ಹೇಳುತ್ತಿದ್ದೇವೆ.

1972ರಲ್ಲಿ ಡೆನ್ವರ್ ನಗರದ ಡಾ. ಆಲ್‌ಫ್ರೆ ಮತ್ತು ಸಂಗಡಿಗರು ಅದನ್ನು ವರದಿ ಮಾಡಿದರು. ಮೊದಲು ಮಾತು ತೊದಲುತ್ತಿತ್ತು. ಅದೂ ಡಯಾಲಿಸಿಸ್ ಮುಗಿಸಿ ಎದ್ದ ಹೊತ್ತಿನಲ್ಲೇ ಹೆಚ್ಚು. ಆಮೇಲೆ ಕೈಕಾಲುಗಳ ಸೆಳೆತ, ಮೂರ್ಛೆ, ಮರವು. ಕೆಲವು ತಿಂಗಳಲ್ಲಿ ಸಾವು.

ಮೂತ್ರಪಿಂಡ ಸೋತಾಗ ರಕ್ತದಲ್ಲಿ ಫಾಸ್ಫೇಟ್ ಏರುತ್ತದೆ. ಅದನ್ನು ತಡೆಯಲು ಆಗ ಊಟದ ಜೊತೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಕೊಡುತ್ತಿದ್ದರು. ಹೊಟ್ಟೆಯುರಿಗೆ ನಾವೆಲ್ಲ ಕುಡಿಯುವ ಬಿಳಿಯ ಔಷಧಗಳಲ್ಲಿ ಇರುವುದೂ ಸಾಮಾನ್ಯವಾಗಿ ಇದೇ. ಅದು ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲವೆಂಬ ನಂಬಿಕೆಯಿತ್ತು. ಬಿ.ಎಸ್‌ಸಿ.ಯಲ್ಲಿ ನಾವು ಓದಿದ ಅಲ್ಯುಮಿನಿಯಂ ಕೂಡ ಬಲು ಸಾಧು ಲೋಹವೇ! ಆದರೆ ಅತ್ಯಲ್ಪ ಅಂಶ ಸೇರುತ್ತದೆ. ಆರೋಗ್ಯವಂತರಲ್ಲಿ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಈ ರೋಗಿಗಳಿಗೆ ಆ ಬಾಗಿಲೇ ಮುಚ್ಚಿತ್ತು. 1976ರಲ್ಲಿ ಆಲ್‌ಫ್ರೆ ತಂಡದವರು ಸತ್ತವರ ಮಿದುಳನ್ನು ಪರೀಕ್ಷಿಸಿದರು. ಸಾಮಾನ್ಯರಲ್ಲಿ ಅಲ್ಯುಮಿನಿಯಂ ದಶಲಕ್ಷಕ್ಕೆ 2.2 ಪಾಲು, ಡಯಾಲಿಸಿಸ್ ಮಾಡಿಸಿಕೊಂಡು ಬೇರೆ ಕಾರಣದಿಂದ ಸತ್ತವರಲ್ಲಿ 6.5, ಈ ವ್ಯಾಧಿಯಿಂದ ಸತ್ತವರಲ್ಲಿ 25.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಾ. ಕೆರ್ ಅವರ ತಂಡ ಬೆರಳು ತೋರಿಸಿದ್ದು ನೀರಿನ ಕಡೆಗೆ. ನಲ್ಲಿಯ ನೀರು ತಿಳಿಯಾಗಲೆಂದು ಪಟಿಕ ಬೆರೆಸುವುದು ವಾಡಿಕೆ, ಪಟಿಕದಲ್ಲಿರುವುದೂ ಅಲ್ಯುಮಿನಿಯಂ. ಕುಡಿದ ನೀರಿಗೆ ಕರುಳು ಕಾವಲಿದೆ. ಡಯಾಲಿಸಿಸ್‌ನಲ್ಲಾದರೋ ಒಂದು ಸಲಕ್ಕೆ ಸುಮಾರು 120 ಲೀಟರು ನೀರು ಹರಿಯುತ್ತದೆ. ಅದಕ್ಕೂ ರಕ್ತಕ್ಕೂ ನಡುವೆ ಒಂದು ತೆಳುಪೊರೆ ಮಾತ್ರ. 1979ರಲ್ಲಿ ಅವರು ಬ್ರಿಟನ್ನಿನ 18 ಕೇಂದ್ರಗಳ ಲೆಕ್ಕ ಪ್ರಕಟಿಸಿದರು. ನೀರಿನಲ್ಲಿ ಅಲ್ಯುಮಿನಿಯಂ ಹೆಚ್ಚಿದ್ದ ಕಡೆ ವ್ಯಾಧಿಯೂ ಹೆಚ್ಚು. ಮೂಳೆ ಮುರಿತವೂ ಹೆಚ್ಚು.

ಹಾಗಾದರೆ ಮಾತ್ರೆ ನಿರಪರಾಧಿಯೆ? ಹಾಗೆನ್ನಲು ನಮಗೆ ಮನಸ್ಸಿಲ್ಲ. ಡಯಾಲಿಸಿಸ್ ಕಾಣದ ಎಳೆಯ ಮಕ್ಕಳೂ ಈ ಔಷಧ ಸೇವಿಸಿ ಇದೇ ವ್ಯಾಧಿಗೆ ತುತ್ತಾದದ್ದು 1980ರ ದಶಕದಲ್ಲಿ ವರದಿಯಾಯಿತು. ನೀರಿನದು ದೊಡ್ಡ ಪಾಲು, ಮಾತ್ರೆಯದೂ ಪಾಲು.

ಮುಂದೆ ನೀರನ್ನು ರಿವರ್ಸ್ ಆಸ್ಮೋಸಿಸ್ ಯಂತ್ರದಲ್ಲಿ ಸೋಸತೊಡಗಿದರು. ಮಾತ್ರೆಯ ಜಾಗಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲಾದವು ಬಂದವು. ವ್ಯಾಧಿ ಅಪರೂಪವಾಯಿತು, ನಿರ್ಮೂಲವಾಗಲಿಲ್ಲ. 1996ರಲ್ಲಿ ಕೆರಿಬಿಯನ್ನಿನ ಕುರಸಾವ್ ದ್ವೀಪದಲ್ಲಿ, ಒಳಮೈಗೆ ಸಿಮೆಂಟ್ ಗಾರೆ ಬಳಿದ ಹೊಸ ಕೊಳವೆಯಿಂದ ಅಲ್ಯುಮಿನಿಯಂ ನೀರಿಗೆ ಇಳಿದು, ಡಯಾಲಿಸಿಸ್ ರೋಗಿಗಳಲ್ಲಿ 10 ಮಂದಿ ಸತ್ತರು.

ಹೊಟ್ಟೆಯುರಿಯ ಬಿಳಿಯ ಔಷಧ ಇಂದಿಗೂ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಮೂತ್ರಪಿಂಡದ ತೊಂದರೆಯಿರುವ ಹಿರಿಯರ ತಲೆದಿಂಬಿನ ಬಳಿ ಆ ಬಾಟಲಿಯಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿ.