ಅಂಗುಳವೂ ಅನುನಾಸಿಕವೂ

ತಿಪಟೂರು ತಾಲೂಕಿನ ಹೊನ್ನವಳ್ಳಿಯಿಂದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪರ್ಯಂತ ಹಬ್ಬಿದ ತೆಂಗಿನ ಸೀಮೆಯಲ್ಲಿ, ನಾಡಿನ ಇತರ ಭಾಗಗಳಂತೆಯೇ, ತುಟಿಯೋ ಅಂಗುಳವೋ ಸೀಳಿಕೊಂಡು ಹುಟ್ಟಿದ ಶಿಶುವನ್ನು ಕಂಡವರು, ಬಸುರಿನಲ್ಲಿ ತಾಯಿ ಗ್ರಹಣ ನೋಡಿದಳೆಂದು ಹೇಳುವ ವಾಡಿಕೆ ಇನ್ನೂ ಅಳಿದಿಲ್ಲ. ಗರ್ಭದ ಮೂರನೆಯ ತಿಂಗಳು ಮುಗಿಯುವುದರೊಳಗೆ ಎರಡು ಪಾರ್ಶ್ವಗಳಿಂದ ಬೆಳೆದುಬಂದು ನಡುವೆ ಕೂಡಬೇಕಾದ ತಾಲುಫಲಕಗಳು ಕೂಡದೆ ಉಳಿದುದರ ಫಲ ಅಂಗುಳದ ಸೀಳು; ಸೂರ್ಯಚಂದ್ರರು ನಿರಪರಾಧಿಗಳು, ತಾಯಿಯೂ ಹಾಗೆಯೇ.

ಮಾತಿನಲ್ಲಿ ಮೂಗಿನ ಪಾತ್ರವೇನೆಂಬುದನ್ನು ನಮ್ಮ ಪ್ರಾಚೀನರು ಸೂಕ್ಷ್ಮವಾಗಿಯೇ ಗಮನಿಸಿದ್ದರು. ನಾಸಿಕೆಯ ದಾರಿಯನ್ನು ತೆರೆಯುವುದರಿಂದ ಆನುನಾಸಿಕ್ಯ ಬರುವುದೆಂದು ತೈತ್ತಿರೀಯ ಪ್ರಾತಿಶಾಖ್ಯವು ಹೇಳಿತು. ಪಾಣಿನೀಯ ಶಿಕ್ಷೆಯು ಪಾಠದೋಷಗಳ ಸಾಲಿನಲ್ಲಿ ಅದನ್ನೂ ಎಣಿಸಿತು. ಆದರೆ ಅವರ ಚಿಂತೆ ವೇದಪಾಠದ ಶುದ್ಧಿಯದು, ಮಾತು ಒಡೆಯದ ಬಾಲಕನದಲ್ಲ. ಗಂಟಲಿನಿಂದ ಮೂಗಿಗೇರುವ ದಾರಿಯನ್ನು ಮೃದುತಾಲುವು ಕೆರೆಯ ತೂಬಿನಂತೆ ಕಾಯುತ್ತದೆ: ಙ, ಞ, ಣ, ನ, ಮಗಳಿಗೆ ತೆರೆದು ಉಳಿದ ವ್ಯಂಜನಗಳಿಗೆ ಮುಚ್ಚುತ್ತದೆ. ಮುಚ್ಚದಿದ್ದರೆ 'ಅಪ್ಪ' ಎಂದದ್ದು 'ಅಮ್ಮ' ಎಂದಂತೆ ಕೇಳಿಸುವುದು. ತದ್ವಿರುದ್ಧವಾಗಿ, ನೆಗಡಿಯಿಂದಲೋ ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ಬೆಳೆದೋ ದಾರಿ ಕಟ್ಟಿದರೆ 'ಮನೆ'ಯು 'ಬದೆ'ಯಾಗುವುದು. ಜನರು ಎರಡನ್ನೂ 'ಮೂಗಿನಲ್ಲಿ ಮಾತಾಡುತ್ತಾನೆ' ಎಂದೇ ಬಿಡುವರು. ವೈದ್ಯನೂ ಹಾಗೆಯೇ ಬಿಟ್ಟರೆ ಅನರ್ಥ. ಲೋಳೆಪೊರೆಯ ಕೆಳಗೆ ಸೀಳು ಅವಿತಿರುವ ಮಗುವಿನ ಅಡಿನಾಯ್ಡ್ ತೆಗೆದರೆ ತಾಲುವಿಗಿದ್ದ ಆಸರೆಯೂ ತಪ್ಪಿ ಸ್ವರವೆಲ್ಲ ಮೂಗಿಗೆ ಹರಿದೀತು.

ಶಸ್ತ್ರಚಿಕಿತ್ಸೆಯ ಇತಿಹಾಸ ಸೂಜಿದಾರಗಳಿಂದ ಮೊದಲಾಯಿತು. 1819ರಲ್ಲಿ ಪ್ಯಾರಿಸ್ಸಿನ ಫಿಲಿಬೆರ್ ರೂ ಎಂಬ ಶಸ್ತ್ರವೈದ್ಯನು, ಜಾನ್ ಸ್ಟೀಫನ್ಸನ್ ಎಂಬ ಕೆನಡಾದ ವೈದ್ಯವಿದ್ಯಾರ್ಥಿಯ ಸೀಳಿದ ಮೃದುತಾಲುವನ್ನು ಹೊಲಿದನು. ರೋಗಿಯೇ ಮರುವರ್ಷ ಎಡಿನ್‌ಬರೋದಲ್ಲಿ ಆ ವೃತ್ತಾಂತವನ್ನು ಪ್ರಬಂಧವಾಗಿ ಬರೆದುದು ವೈದ್ಯಚರಿತ್ರೆಯ ಒಂದು ವಿನೋದ. 1861ರಲ್ಲಿ ಜರ್ಮನಿಯ ಲಾಂಗೆನ್‌ಬೆಕ್ ಗಟ್ಟಿ ಅಂಗುಳವನ್ನೂ ಮುಚ್ಚುವ ವಿಧಾನವನ್ನು ಪ್ರಕಟಿಸಿದನು. ಆದರೂ ರಂಧ್ರ ಮುಚ್ಚಿದ ಮಾತ್ರಕ್ಕೆ ಧ್ವನಿ ನೆಟ್ಟಗಾಗಲಿಲ್ಲ. ಹೊಲಿದ ತಾಲು ಗಿಡ್ಡವಾಗಿ ಗಂಟಲ ಹಿಂಗೋಡೆಯನ್ನು ಮುಟ್ಟದಿದ್ದರೆ ಗಾಳಿ ಸೋರುತ್ತಲೇ ಇರುವುದೆಂದು ತಿಳಿದ ಮೇಲೆ, ಆ ಹಿಂಗೋಡೆಯ ಮಾಂಸವನ್ನೇ ತಾಲುವಿಗೆ ಕೂಡಿಸುವ ಉಪಾಯಗಳು ಹುಟ್ಟಿದವು.

ಶಸ್ತ್ರದ ಬಳಿಕವೂ ಉಳಿಯುವ ಮಾತಿನ ದೋಷವನ್ನು ಅಳೆದು ತಿದ್ದುವ ಶಾಸ್ತ್ರಕ್ಕೆ ಕನ್ನಡನಾಡಿನಲ್ಲಿ ನೆಲೆ ದೊರೆತದ್ದು 1965ರಲ್ಲಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾದಾಗ. ಅಲ್ಲಿಯವರು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುವುದು ಕನ್ನಡಕ್ಕೇ ಅಳತೆಗೋಲನ್ನು ಸಿದ್ಧಪಡಿಸಿದುದು. ಅಮೆರಿಕದ ಸ್ಯಾಮ್ಯುಯೆಲ್ ಫ್ಲೆಚರನ ಶೋಧನೆಯಿಂದ ಬೆಳೆದ ನೇಸೋಮೀಟರ್ ಎಂಬ ಯಂತ್ರವು, ಮೂಗುಬಾಯಿಗಳ ನಡುವೆ ಫಲಕವೊಂದನ್ನಿರಿಸಿ ಎರಡು ಮೈಕ್ರೋಫೋನುಗಳಿಂದ ಧ್ವನಿ ಹಿಡಿದು, ಒಟ್ಟು ಶಕ್ತಿಯಲ್ಲಿ ಮೂಗಿನ ಪಾಲು ಶೇಕಡ ಎಷ್ಟೆಂದು ಹೇಳುತ್ತದೆ. ಆ ಶೇಕಡವಾದರೋ ಓದಿಸಿದ ವಾಕ್ಯದಲ್ಲಿ ನಕಾರ ಮಕಾರಗಳೆಷ್ಟೆಂಬುದನ್ನು ಅವಲಂಬಿಸಿದ್ದು. ಇಂಗ್ಲಿಷ್ ವಾಕ್ಯಗಳ ಪ್ರಮಾಣವನ್ನು ತಂದು ತಿಪಟೂರಿನ ಹುಡುಗನನ್ನು ಅಳೆಯುವುದು ಅಶಾಸ್ತ್ರೀಯ. ಅನುನಾಸಿಕಗಳಿಲ್ಲದ ಕನ್ನಡ ವಾಕ್ಯಗಳನ್ನೂ, ಅವೇ ತುಂಬಿದ ವಾಕ್ಯಗಳನ್ನೂ ಬೇರೆಬೇರೆಯಾಗಿ ಕಟ್ಟಿ, ಆರೋಗ್ಯವಂತರಿಂದ ಓದಿಸಿ, ಪ್ರಮಾಣವನ್ನು ಗೊತ್ತುಮಾಡಬೇಕಾಯಿತು. ಹೀಗಿದ್ದರೂ ನುರಿತ ಕಿವಿಯ ತೀರ್ಪಿಗೆ ಯಂತ್ರವು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಮೃದುತಾಲು ಮುಚ್ಚುವುದನ್ನು ಕಲಿಯಲೆಂದು ಮಗುವಿನಿಂದ ಊದಿಸುವ ವ್ಯಾಯಾಮಗಳ ಮೇಲಿದ್ದ ಭರವಸೆಯೂ ಈ ನಡುವೆ ಕರಗಿತು. ತೆಂಗಿನ ಗರಿಯ ಪೀಪಿ ಊದಿದ ಮಗುವಿಗೆ ಆನಂದವುಂಟು. ಆದರೆ ಊದುವಾಗ ಮುಚ್ಚಿದ ತಾಲು ಮಾತಾಡುವಾಗಲೂ ಮುಚ್ಚಬೇಕೆಂಬ ನಿಯಮವಿಲ್ಲ. ಗಾಳಿ ಸಾಲದೆ ಪಕಾರ ಕಕಾರಗಳನ್ನು ಗಂಟಲಲ್ಲೇ ಕಡಿದು ನುಡಿಯುವ ಅಭ್ಯಾಸವನ್ನು ಮಾತಿನಿಂದಲೇ ತಿದ್ದಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಹೊನ್ನವಳ್ಳಿಯವರಿಗೆ ಅರಸೀಕೆರೆ, ಹಾಸನಗಳ ಮಾರ್ಗವಾಗಿ ಮೈಸೂರಿಗೆ ರೈಲುಂಟು; ವಾರವಾರವೂ ಕೊಬ್ಬರಿಯ ಕೆಲಸ ಬಿಟ್ಟು ಅದನ್ನೇರುವವರು ಎಷ್ಟು ಮಂದಿ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ನೋಡುವ ಜನ್ಮದೋಷಗಳಲ್ಲಿ ಸೀಳುತುಟಿ, ಸೀಳಂಗುಳಗಳೂ ಸೇರಿವೆ. ತುಟಿಯ ಸೀಳು ಎಲ್ಲರ ಕಣ್ಣಿಗೂ ಬೀಳುತ್ತದೆ; ತುಟಿ ನೆಟ್ಟಗಿದ್ದು ಅಂಗುಳ ಮಾತ್ರ ಸೀಳಿದ ಶಿಶುವಾದರೋ, ಹಾಲು ಮೂಗಿನಿಂದ ಬರುತ್ತಿದ್ದರೂ, ಬಾಯೊಳಗೆ ದೀಪ ಹಿಡಿದು ನೋಡುವವರಿಲ್ಲದೆ, ಮಾತು ಬರುವ ವಯಸ್ಸಿನವರೆಗೂ ಲೆಕ್ಕಕ್ಕೆ ಸಿಗದೆ ಉಳಿಯಬಹುದು.