ಒರೆಸುವ ಮುನ್ನ: ಕಡತದ ಕಥೆ

ನಮ್ಮ ಲ್ಯಾಪ್‌ಟಾಪ್ ತುಂಬಿ ಹೋಗಿತ್ತು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿಕೊಂಡ ಹಿರಿಯರ ಮಾತುಗಳೂ ಅದರಲ್ಲೇ ಇದ್ದವು. ಜಾಗ ಬೇಕು, ಏನು ಅಳಿಸೋಣ?

ಇದು ಹಳೆಯ ಪ್ರಶ್ನೆ. ಕಂಪ್ಯೂಟರ್ ಫೈಲಿಗೆ ನಾವು ಈಗ 'ಕಡತ' ಅಂತೀವಲ್ಲ, ಹಿಂದೆ ಕಡತ ಅಂದರೆ ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚುತ್ತಿದ್ದರು. ಆ ಕಪ್ಪು ಮೈಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರೆಸಿದರೆ ಜಾಗ ಮತ್ತೆ ಖಾಲಿ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ.

ರಾಯಚೂರು ಕೋಟೆಯಲ್ಲಿ 1294ರ ಶಾಸನವಿದೆ. ಆ ಕಲ್ಲು 41 ಅಡಿಗೂ ಉದ್ದ. ಅದನ್ನು ಒರೆಸಲಾಗದು ನಿಜ, ಆದರೆ ದಿನದ ಲೆಕ್ಕವನ್ನೆಲ್ಲ ಕಲ್ಲಿನಲ್ಲಿ ಕೆತ್ತಲೂ ಆಗದು. ಅದಕ್ಕೇ ಕಡತ ಬೇಕಾಯಿತು. ಒರೆಸಿದ ಕಡತಗಳಲ್ಲಿ ಏನಿತ್ತೋ ಯಾರಿಗೂ ತಿಳಿಯದು. ಶೃಂಗೇರಿ ಮಠದ ಕಡತಗಳನ್ನು ಜೋಪಾನ ಮಾಡಿದ್ದರಿಂದ ಅವು ಇತಿಹಾಸಕಾರರ ಕೈಗೆ ಸಿಕ್ಕವು.

ನಾವು ಮೊದಲು ಹಿರಿಯರ ಮಾತುಗಳನ್ನು ಎರಡು ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ತೆರೆದು ಕೇಳಿ ಖಾತ್ರಿ ಮಾಡಿಕೊಂಡೆವು. ಆಮೇಲೆ ಡೌನ್‌ಲೋಡ್ ಮಾಡಿದ ಸಿನಿಮಾ, ಎರಡೆರಡು ಸಲ ಉಳಿದಿದ್ದ ಫೋಟೊ ಅಳಿಸಿದೆವು. ಕೊನೆಗೆ ರಿಸೈಕಲ್ ಬಿನ್ ಖಾಲಿ ಮಾಡಿದೆವು. ಅಲ್ಲಿಯವರೆಗೂ ಅಳಿಸಿದ್ದು ಜಾಗ ಹಿಡಿದೇ ಇರುತ್ತದೆ.

ನಿಮ್ಮ ಫೋನ್ ತುಂಬಿದಾಗಲೂ ಹೀಗೇ ಮಾಡಿ. ಸಿನಿಮಾ ಮತ್ತೆ ಸಿಗುತ್ತದೆ, ತೀರಿಹೋದ ಅಜ್ಜಿಯ ದನಿ ಸಿಗುವುದಿಲ್ಲ.