ಬಿಲ್ಡ್-ನೀಡೆಡ್

ಡೆಬಿಯನ್ ಮತ್ತು ಉಬುಂಟು ಲಿನಕ್ಸ್‌ಗಳಲ್ಲಿ ಪ್ಯಾಕೇಜ್‌ನ ಸ್ವಯಂಚಾಲಿತ ಪರೀಕ್ಷೆಗೆ ಹಾಕಬಹುದಾದ ಒಂದು ಷರತ್ತು. ಪರೀಕ್ಷೆ ನಡೆಸುವ ತಂತ್ರಾಂಶ ಆಟೋಪಿಕೆಜಿಟೆಸ್ಟ್. ಸೋರ್ಸ್ ಪ್ಯಾಕೇಜ್‌ನ ‘ಡೆಬಿಯನ್/ಟೆಸ್ಟ್ಸ್/ಕಂಟ್ರೋಲ್’ ಕಡತದಲ್ಲಿ, ‘ರಿಸ್ಟ್ರಿಕ್ಷನ್ಸ್’ ಸಾಲಿನಲ್ಲಿ ಈ ಪದವಿದ್ದರೆ ಪರೀಕ್ಷೆಗೆ ಮೊದಲು ಇಡೀ ಸೋರ್ಸ್ ಬಿಲ್ಡ್ ಆಗುತ್ತದೆ.

ಬಳಕೆದಾರರ ಕೈಗೆ ಸಿಗುವ, ಇನ್‌ಸ್ಟಾಲ್ ಆದ ಪ್ಯಾಕೇಜನ್ನೇ ಪರೀಕ್ಷಿಸುವುದು ಆಟೋಪಿಕೆಜಿಟೆಸ್ಟ್‌ನ ಉದ್ದೇಶ. ಬಿಲ್ಡ್ ಆದ ಸೋರ್ಸ್ ಪಕ್ಕದಲ್ಲೇ ಇದ್ದರೆ ಈ ಉದ್ದೇಶ ಸದ್ದಿಲ್ಲದೆ ಕೆಡಬಹುದು. ಪರೀಕ್ಷೆಯು ಇನ್‌ಸ್ಟಾಲ್ ಆದ ಲೈಬ್ರರಿಯನ್ನು ಬಿಟ್ಟು, ಆಗತಾನೇ ತಯಾರಾದ ಪ್ರತಿಯನ್ನು ಎತ್ತಿಕೊಂಡು ಪಾಸಾಗುತ್ತದೆ. ಪ್ಯಾಕೇಜಿಗೆ ಒಂದು ಕಡತ ಸೇರದೇ ಹೋಗಿದ್ದರೂ, ಡಿಪೆಂಡೆನ್ಸಿಯೊಂದನ್ನು ಬರೆಯಲು ಮರೆತಿದ್ದರೂ ಅದು ಹೊರಬೀಳುವುದಿಲ್ಲ. ಹಿಡಿಯಬೇಕಾಗಿದ್ದದ್ದು ಮುಖ್ಯವಾಗಿ ಇಂಥ ತಪ್ಪುಗಳನ್ನೇ. ಜೊತೆಗೆ ಪರೀಕ್ಷೆ ನಡೆಸುವ ಸರ್ವರ್‌ಗಳ ಹೊರೆ ಬೇರೆ: ಡಿಪೆಂಡೆನ್ಸಿ ಬದಲಾದಾಗಲೂ ಪರೀಕ್ಷೆ ಮತ್ತೆ ಓಡುವುದರಿಂದ, ದೊಡ್ಡ ಪ್ಯಾಕೇಜ್ ಪ್ರತಿ ಸಲವೂ ಪೂರ್ತಿ ಬಿಲ್ಡ್ ಆಗಬೇಕು.

ಆದರೂ ಷರತ್ತು ನಿಷಿದ್ಧವಲ್ಲ. ಸಿ ಭಾಷೆಯ ಹಲವು ಯೋಜನೆಗಳಲ್ಲಿ ಪರೀಕ್ಷಾ ಪ್ರೋಗ್ರಾಮ್‌ಗಳು ಮೂಲ ಮೇಕ್‌ಫೈಲ್‌ಗೆ ಎಷ್ಟು ಅಂಟಿಕೊಂಡಿರುತ್ತವೆಂದರೆ, ಬಿಡಿಸುವುದಕ್ಕಿಂತ ಬಿಲ್ಡ್ ಮಾಡುವುದೇ ವಾಸಿ ಎನಿಸುತ್ತದೆ. ಮಿತವಾಗಿ ಬಳಸಿ ಎಂದು ಆಟೋಪಿಕೆಜಿಟೆಸ್ಟ್‌ನ ಕೈಪಿಡಿಯೇ ಹೇಳುತ್ತದೆ. ಅದು ಸೂಚಿಸುವ ದಾರಿ ಎರಡು: ಪರೀಕ್ಷೆಗಳ ಉಪಫೋಲ್ಡರ್‌ನಲ್ಲಿ ಮಾತ್ರ ‘ಮೇಕ್’ ಓಡಿಸುವುದು, ಇಲ್ಲವೇ ಆ ಕೋಡನ್ನು ತಾತ್ಕಾಲಿಕ ಫೋಲ್ಡರ್‌ಗೆ ನಕಲಿಸಿ ಅಲ್ಲಿ ಕಂಪೈಲ್ ಮಾಡುವುದು. ಎರಡನೆಯದರಲ್ಲಿ ಶ್ರಮ ತುಸು ಹೆಚ್ಚಾದರೂ ಫಲಿತಾಂಶ ಹೆಚ್ಚು ನಂಬಲರ್ಹ.

ಫಲಿತಾಂಶ ನಂಬಲರ್ಹವಾಗಿರುವುದು ಮುಖ್ಯ: 2018ರಿಂದ ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳ ಹೊಸ ಆವೃತ್ತಿಗಳು ಮುಂದಿನ ಬಿಡುಗಡೆಗಾಗಿರುವ ‘ಟೆಸ್ಟಿಂಗ್’ ಶಾಖೆಗೆ ದಾಟುವುದರ ಮೇಲೆ ಈ ಪರೀಕ್ಷೆಗಳ ಫಲಿತಾಂಶವೂ ಪ್ರಭಾವ ಬೀರುತ್ತಿದೆ.